ಏರೋ ಇಂಡಿಯಾದಲ್ಲಿ ಫೋಟೊ ತೆಗೆಯಲು 300 ಮಿ.ಮೀ. ಲೆನ್ಸ್ ಸಾಕೇ?

ಗೆಳೆಯರೊಡನೆ ಮೊದಲ ಬಾರಿಗೆ ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನಕ್ಕೆ ಹೊರಟಿರುವ ನೀವು, ನಿಮ್ಮಲ್ಲಿರುವ 70–300 ಮಿ.ಮೀ. ಲೆನ್ಸ್ ಸಾಕೇ ಅಥವಾ ಸಾಲ ಮಾಡಿಯಾದರೂ ದೊಡ್ಡದನ್ನು ಕೊಳ್ಳಬೇಕೇ ಎಂದು ಕೇಳಿದ್ದೀರಿ. ಕೊಳ್ಳಬೇಡಿ, ಇರುವುದೇ ಸಾಕು. 2023ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ಪ್ರವೇಶವಿದ್ದ ಒಂದು ದಿನ ನಾವು ನಾಲ್ವರು ಹೋಗಿದ್ದಾಗ ನನ್ನ ಕೈಯಲ್ಲಿದ್ದುದೂ ಇದೇ ಅಳತೆಯ ಲೆನ್ಸ್. ನಿಮ್ಮದು ಚಿಕ್ಕ (ಎಪಿಎಸ್-ಸಿ) ಸೆನ್ಸರಿನ ಕ್ಯಾಮೆರಾ ಆಗಿದ್ದರೆ 300 ಎಂಬುದು ಸುಮಾರು 450 ಮಿ.ಮೀ.ನಷ್ಟು ಹತ್ತಿರಕ್ಕೆ ತೋರಿಸುತ್ತದೆ. ಒಂಟಿ ವಿಮಾನಕ್ಕೆ ಅಷ್ಟು ಸಾಕು, ಒಂಬತ್ತು ವಿಮಾನಗಳ ತಂಡಕ್ಕೆ ಅದು ಹೆಚ್ಚೇ ಆಗಿ 150ಕ್ಕೆ ಇಳಿಯಬೇಕಾಗುತ್ತದೆ. ಅಂದಿನ ನನ್ನ ಅತ್ಯುತ್ತಮ ಚಿತ್ರ ದಕ್ಕಿದ್ದು ಕ್ಯಾಮೆರಾವನ್ನೇ ತರದಿದ್ದ ಗೆಳೆಯನೊಬ್ಬನಿಂದ, ಆದ್ದರಿಂದ ಅವನ ವಿಷಯವನ್ನು ವಿವರವಾಗಿಯೇ ಹೇಳುತ್ತೇನೆ.

ಅವನು ಬೀದರಿನವನು. ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡದ ನೆಲೆ ಬೀದರ್. ಊರಿನ ಮೇಲೆ ಆ ತಂಡ ಬಳಸುವ ಹಾಕ್ ಜೆಟ್ ವಿಮಾನಗಳು ಹಾರುವುದನ್ನು ನೋಡುತ್ತಲೇ ಬೆಳೆದವನಿಗೆ, ಆ ತಂಡ ಯಾವ ವರಸೆಯ ನಂತರ ಯಾವ ವರಸೆಗೆ ಹೋಗುತ್ತದೆ ಎಂಬುದು ಬಾಯಿಪಾಠವಾಗಿತ್ತು. ಒಂಬತ್ತೂ ವಿಮಾನಗಳು ಒಟ್ಟಾಗಿ ಬಂದು ಹೋದ ಮೇಲೆ ತಂಡ ಒಡೆಯುತ್ತದೆ, ಎಲ್ಲರ ಕಣ್ಣೂ ದೊಡ್ಡ ಗುಂಪಿನ ಹಿಂದೆ ಹೋಗಿರುವಾಗ ಎರಡು ವಿಮಾನಗಳು ರನ್‌ವೇಯ ಎರಡು ತುದಿಗಳಿಂದ ಕೆಳಮಟ್ಟದಲ್ಲಿ ಎದುರುಬದುರಾಗಿ ನುಗ್ಗಿ ಬರುತ್ತವೆ. ಈ ದಾಟುವಿಕೆಯನ್ನು ಹಿಡಿಯುವುದು ಎಷ್ಟು ಕಷ್ಟವೆಂದು ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಂದೊಂದೂ ಗಂಟೆಗೆ 540 ಕಿ.ಮೀ. ವೇಗದಲ್ಲಿದೆ ಎಂದಿಟ್ಟುಕೊಂಡರೆ, ಎರಡರ ನಡುವಿನ ಅಂತರ ಸೆಕೆಂಡಿಗೆ 300 ಮೀಟರ್‌ನಂತೆ ಕರಗುತ್ತದೆ. ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಅವು ಒಂದಕ್ಕೊಂದು 30 ಮೀಟರ್ ಹತ್ತಿರವಾಗಿರುತ್ತವೆ, ಆದರೆ ಹಾಕ್‌ನ ಉದ್ದವೇ ಸುಮಾರು 12 ಮೀಟರ್. ಬಟನ್ ಒತ್ತಿಹಿಡಿದ ಮಾತ್ರಕ್ಕೆ ಅದು ಸಿಕ್ಕುವುದಿಲ್ಲ, ಎರಡೂ ಎಲ್ಲಿಂದ ಬರುತ್ತಿವೆ ಎಂದು ಮೊದಲೇ ತಿಳಿದಿರಬೇಕು. ಕ್ಯಾಮೆರಾದಲ್ಲಿ ಒಂದು ಕಣ್ಣು ನೆಟ್ಟವನಿಗೆ ಇನ್ನೊಂದು ದಿಕ್ಕು ಕಾಣುವುದೇ ಇಲ್ಲ. ನನ್ನ ಬೆನ್ನಿಗೆ ಬೆನ್ನು ಕೊಟ್ಟಂತೆ ನಿಂತಿದ್ದ ಅವನು, “ಎಡಕ್ಕ ನೋಡ್ರೋ, ಇನ್ನೊಂದು ಬರ್ಲಕತ್ತದ!” ಎಂದು ಕೂಗಿದ. ನಾನು ಬಲಗಡೆಯಿಂದ ಬರುತ್ತಿದ್ದ ವಿಮಾನವನ್ನೇ ಹಿಂಬಾಲಿಸುತ್ತ, ಅವನ ಧ್ವನಿಯ ಏರಿಕೆಯನ್ನು ಆಧರಿಸಿ ಒತ್ತಿದೆ. ಒಂದರ ಹೊಟ್ಟೆಯ ಕೆಂಪು ಬಿಳುಪೂ ಇನ್ನೊಂದರ ಬೆನ್ನೂ ಒಂದೇ ಚೌಕಟ್ಟಿನಲ್ಲಿ ಬಂದ ಚಿತ್ರ ನನ್ನ ಬಳಿ ಇರುವುದು ಅದೊಂದೇ.

ಈ ಕೆಲಸದಲ್ಲಿ ಕಿವಿಯನ್ನು ನಂಬುವಂತಿಲ್ಲ. ಜೆಟ್ ವಿಮಾನ ತನ್ನ ಸದ್ದಿಗಿಂತ ಬಹಳ ಮುಂದಿರುತ್ತದೆ, ಸದ್ದು ಕೇಳಿದತ್ತ ತಿರುಗಿದರೆ ಅಲ್ಲಿ ಹೊಗೆ ಮಾತ್ರ ಉಳಿದಿರುತ್ತದೆ. ಹಾಗಾಗಿ ನಿಮ್ಮ ಗುಂಪಿನಲ್ಲಿ ಒಬ್ಬರಾದರೂ ಕ್ಯಾಮೆರಾ ಕೆಳಗಿಟ್ಟು ದಿಗಂತವನ್ನು ಕಾಯುತ್ತಿರಲಿ, ಸರದಿಯ ಮೇಲೆ ಮಾಡಿದರೆ ಯಾರಿಗೂ ನಷ್ಟವಿಲ್ಲ.

ನನ್ನಿಂದಾದ ತಪ್ಪನ್ನೂ ಹೇಳಿಬಿಡುತ್ತೇನೆ, ನಿಮ್ಮಿಂದ ಅದು ಆಗದಿರಲಿ. ಧ್ರುವ್ ಹೆಲಿಕಾಪ್ಟರ್‌ಗಳ ಸಾರಂಗ್ ತಂಡ ಹಾರುವಾಗ ಷಟರ್ ವೇಗವನ್ನು 1/160 ಸೆಕೆಂಡಿಗೆ ಇಳಿಸಿದ್ದೆ, ಅಂದರೆ ಪ್ರತಿ ಚಿತ್ರಕ್ಕೂ ಬೆಳಕು ಒಳಬರುವ ಅವಧಿಯನ್ನು ಹೆಚ್ಚಿಸಿದ್ದೆ. (ಕನ್ನಡಿಗರಾದ ನಮಗೆ ಸಾರಂಗವೆಂದರೆ ಜಿಂಕೆಯ ನೆನಪಾಗುತ್ತದೆ, ಇಲ್ಲಿ ಸಂಸ್ಕೃತದ ಇನ್ನೊಂದು ಅರ್ಥ, ನವಿಲು, ಹೆಲಿಕಾಪ್ಟರ್‌ನ ಮೈಮೇಲೆ ಬರೆದಿರುವ ನವಿಲನ್ನು ನೋಡಿದರೆ ತಿಳಿಯುತ್ತದೆ.) ಹೆಲಿಕಾಪ್ಟರ್‌ಗೆ 1/2000ರ ವೇಗವಿಟ್ಟರೆ ತಲೆಯ ಮೇಲಿನ ನಾಲ್ಕು ಅಲಗುಗಳೂ ನಿಂತ ಫ್ಯಾನಿನಂತೆ ಕಾಣುತ್ತವೆ, ಚಿತ್ರ ಸತ್ತುಹೋಗುತ್ತದೆ, ವೇಗ ಇಳಿಸಿದರೆ ಅಲಗುಗಳು ತಿರುಗುವ ವೃತ್ತವಾಗಿ ಜೀವ ತಳೆಯುತ್ತವೆ. ಆ ಚಿತ್ರಗಳನ್ನು ಪರದೆಯ ಮೇಲೆ ನೋಡುತ್ತ ಖುಷಿಯಲ್ಲಿದ್ದಾಗಲೇ ತೇಜಸ್ ಯುದ್ಧವಿಮಾನ ಬಂತು. ಷಟರ್ ವೇಗವನ್ನು ಬದಲಿಸಲು ಮರೆತು ನಲವತ್ತಕ್ಕೂ ಹೆಚ್ಚು ಚಿತ್ರ ತೆಗೆದೆ, ಒಂದೂ ಸ್ಪಷ್ಟವಾಗಿ ಬರಲಿಲ್ಲ. ನಮ್ಮ ಜೊತೆಗಿದ್ದ ಇನ್ನೊಬ್ಬನ ತಂದೆ ಆ ವಿಮಾನವನ್ನು ತಯಾರಿಸುವ ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದವರು, ಅವರಿಗೆ ತೇಜಸ್‌ನ ಚಿತ್ರವೊಂದನ್ನು ದೊಡ್ಡದಾಗಿ ಮುದ್ರಿಸಿ ಕೊಡುವೆನೆಂದು ಮಾತು ಕೊಟ್ಟಿದ್ದೆ. 2001ರ ಜನವರಿ 4ರಂದು ಬೆಂಗಳೂರಿನಲ್ಲೇ ಮೊದಲ ಬಾರಿ ಹಾರಿದ ವಿಮಾನ ಅದು. ಮಧ್ಯಾಹ್ನದ ಪ್ರದರ್ಶನದಲ್ಲಿ ಅದು ಮತ್ತೆ ಬಂದುದರಿಂದ ಮಾತು ಉಳಿಯಿತು. ಜೆಟ್‌ಗಳಿಗೆ 1/1600 ಅಥವಾ ಅದಕ್ಕೂ ಮೇಲೆ ಇಡಿ, ಪ್ರೊಪೆಲ್ಲರ್ ಇರುವ ಎಚ್‌ಟಿಟಿ-40ರಂಥ ತರಬೇತಿ ವಿಮಾನಗಳಿಗೆ 1/250ರ ಆಸುಪಾಸು ಸಾಕು. ಒಂದು ಹಾರಾಟ ಮುಗಿದೊಡನೆ, ತೆಗೆದ ಚಿತ್ರಗಳನ್ನು ನೋಡುವ ಮೊದಲೇ, ಜೆಟ್‌ನ ವೇಗಕ್ಕೆ ಮರಳಿ.

ಬೆಳಕಿನ ವಿಷಯಕ್ಕೆ ಬಂದರೆ, ನಾವು ನಿಂತಿದ್ದ ಕಡೆಯಿಂದ ದಿನದ ಬಹುಪಾಲು ಸೂರ್ಯ ಎದುರಿಗೇ ಇದ್ದ. ಹೊಳೆಯುವ ಆಕಾಶವನ್ನು ನೋಡಿ ಕ್ಯಾಮೆರಾ ತಾನಾಗಿ ಬೆಳಕನ್ನು ತಗ್ಗಿಸುತ್ತದೆ, ವಿಮಾನದ ಹೊಟ್ಟೆ ಕಪ್ಪು ನೆರಳಾಗಿಬಿಡುತ್ತದೆ. ಎಕ್ಸ್‌ಪೋಷರನ್ನು ಮುಕ್ಕಾಲಿನಿಂದ ಒಂದು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಏರಿಸಿದರೆ ರೆಕ್ಕೆಯ ಕೆಳಗಿನ ಗುರುತುಗಳೂ ಕಾಣುತ್ತವೆ. ಹತ್ತೂವರೆಯ ನಂತರ ಕಾದ ರನ್‌ವೇಯಿಂದ ಏಳುವ ಬಿಸಿಗಾಳಿಯಲ್ಲಿ ನೆಲದ ಹತ್ತಿರದ ಚಿತ್ರಗಳೆಲ್ಲ ನೀರಿನೊಳಗಿಂದ ತೆಗೆದಂತೆ ಅಲುಗಾಡುತ್ತವೆ, ಇದಕ್ಕೆ ಎಷ್ಟು ಬೆಲೆಯ ಲೆನ್ಸ್‌ನಲ್ಲೂ ಪರಿಹಾರವಿಲ್ಲ. ಟೇಕ್‌ಆಫ್ ಚಿತ್ರಗಳನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಿ. ಫೆಬ್ರವರಿಯ ಒಣ ಗಾಳಿಯಲ್ಲಿ ದೂಳು ವಿಪರೀತ, ಬಯಲಿನಲ್ಲಿ ಲೆನ್ಸ್ ಬದಲಿಸಲು ಹೋಗಬೇಡಿ. ಟ್ರೈಪಾಡ್ ಮನೆಯಲ್ಲಿರಲಿ, ನೀರು ಮತ್ತು ಟೋಪಿ ಮರೆಯಬೇಡಿ, ಬಳ್ಳಾರಿ ರಸ್ತೆಯಲ್ಲಿ ಸಿಕ್ಕಿಹಾಕಿಕೊಳ್ಳದಿರಲು ಬೆಳಕು ಹರಿಯುವ ಮೊದಲೇ ಮನೆ ಬಿಡಿ.

ಇನ್ನೊಂದು ವಿಷಯವನ್ನು ಹೇಳದೆ ಇರಲಾರೆ. 2019ರ ಫೆಬ್ರವರಿ 19ರಂದು ಇದೇ ಯಲಹಂಕದ ಮೇಲೆ ಅಭ್ಯಾಸದ ವೇಳೆ ಸೂರ್ಯಕಿರಣದ ಎರಡು ಹಾಕ್‌ಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿಯವರು ಪ್ರಾಣ ತೆತ್ತರು. ಆ ದಾಟುವಿಕೆ ನಮಗೆ ಒಂದು ಚಿತ್ರ, ಅದನ್ನು ಹಾರಿಸುವವರಿಗೆ ಪ್ರತಿ ಸಲವೂ ಜೀವದ ಮಾತು. ನನ್ನ ಗೋಡೆಯ ಮೇಲಿರುವ ಆ ಚಿತ್ರವನ್ನು ನೋಡಿದಾಗಲೆಲ್ಲ ಇದು ನೆನಪಾಗುತ್ತದೆ.

ಅಭ್ಯಾಸ ಎಲ್ಲಿ ಮಾಡಲಿ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಬೆಂಗಳೂರಿನ ಆಕಾಶದಲ್ಲೇ ಇದೆ. ಪ್ರದರ್ಶನದ ದಿನಗಳಲ್ಲಿ ಹದ್ದುಗಳು ವಿಮಾನಗಳಿಗೆ ಅಡ್ಡ ಬಾರದಿರಲೆಂದು ವಾಯುನೆಲೆಯ ಸುತ್ತ ಮಾಂಸದ ಅಂಗಡಿಗಳನ್ನು ಮುಚ್ಚಿಸುತ್ತಾರೆ, ಅಷ್ಟೊಂದು ಹದ್ದುಗಳಿವೆ ಈ ಊರಿನಲ್ಲಿ. ನಾವು ನಾಲ್ಕು ಭಾನುವಾರ ಹೆಬ್ಬಾಳ ಕೆರೆಯ ದಂಡೆಯಲ್ಲಿ ನಿಂತು, ಹದ್ದೊಂದು ದೂರದಲ್ಲಿ ಚುಕ್ಕೆಯಾಗಿರುವಾಗಲೇ ಫೋಕಸ್ ಹಿಡಿದು, ಪಾದ ಕದಲಿಸದೆ ಸೊಂಟದಿಂದ ತಿರುಗುತ್ತ, ಅದು ನೆತ್ತಿಯನ್ನು ದಾಟುವವರೆಗೂ ಚೌಕಟ್ಟಿನ ನಡುವೆಯೇ ಉಳಿಸಿಕೊಳ್ಳುವುದನ್ನು ಕಲಿತೆವು. ಹದ್ದು ಥಟ್ಟನೆ ದಿಕ್ಕು ಬದಲಿಸುತ್ತದೆ, ಜೆಟ್ ಹಾಗೆ ಮಾಡುವುದಿಲ್ಲ. ಹದ್ದನ್ನು ಬಿಡದೆ ಹಿಂಬಾಲಿಸಲು ಬಂದ ದಿನ ನಿಮ್ಮ 300 ಮಿ.ಮೀ. ಲೆನ್ಸ್ ಯಲಹಂಕಕ್ಕೆ ಸಿದ್ಧವಾಗಿದೆ ಎಂದು ತಿಳಿಯಿರಿ.