ಹಾರ್ಡ್ ಶೆಲ್ಲಾ, ಸಾಫ್ಟ್ ಶೆಲ್ಲಾ? ಮೊದಲು ಟೆಂಟ್ ಎಲ್ಲಿ ಒಣಗಿಸುತ್ತೀರಿ ಹೇಳಿ

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್, ಸನ್‌ರೂಫ್ ಇರುವ ಚಿಕ್ಕ ಎಸ್‌ಯುವಿ, ಗಂಡ ಹೆಂಡತಿ ಮತ್ತು ಆರು ವರ್ಷದ ಮಗಳು. ತಿಂಗಳಿಗೊಮ್ಮೆ ಸಕಲೇಶಪುರ, ಕೊಡಗು, ತೀರ್ಥಹಳ್ಳಿ ಕಡೆ ಹೋಗಿ ಗಾಡಿ ಮೇಲೆ ಮಲಗಬೇಕು, ಅದಕ್ಕೆ ಯಾವ ರೂಫ್ ಟಾಪ್ ಟೆಂಟ್ ಅಂತ. ಮಡಚಿ ಮೇಲೆ ಕವರ್ ಎಳೆಯುವ ಬಟ್ಟೆಯ ಟೆಂಟ್ ಸಾಫ್ಟ್ ಶೆಲ್, ಗಟ್ಟಿ ಪೆಟ್ಟಿಗೆಯ ಹಾಗೆ ಮುಚ್ಚಿಕೊಳ್ಳುವುದು ಹಾರ್ಡ್ ಶೆಲ್. ನಾನು ನಾಲ್ಕು ವರ್ಷದಿಂದ ಹಳೇ ಬೊಲೆರೊ ಮೇಲೆ ಸಾಫ್ಟ್ ಶೆಲ್ ಹೊತ್ತುಕೊಂಡು ತಿರುಗುತ್ತಿದ್ದೇನೆ. ಒಂದನ್ನು ಹಾಳು ಮಾಡಿಕೊಂಡು ಈಗ ಎರಡನೆಯದು. ಆ ಹಾಳಾದದ್ದರ ಕಥೆ ಮೊದಲು ಹೇಳಿಬಿಡುತ್ತೇನೆ.

ಜುಲೈ ತಿಂಗಳು, ಸಕಲೇಶಪುರದ ಹತ್ತಿರ ಪರಿಚಯದವರ ಕಾಫಿ ತೋಟ. ರಾತ್ರಿಯಿಡೀ ಮಳೆ ಚಚ್ಚಿತು, ಒಳಗೆ ಒಂದು ಹನಿ ಬರಲಿಲ್ಲ. ನಾನಂತೂ ಬೀಗಿಬಿಟ್ಟೆ. ಬೆಳಿಗ್ಗೆ ಮಳೆಯಲ್ಲೇ ಮಡಚಿ, ಮೇಲೆ ಪಿವಿಸಿ ಕವರ್ ಎಳೆದು, ಬೆಲ್ಟ್ ಬಿಗಿದು ಬೆಂಗಳೂರಿಗೆ ಬಂದೆ. ಮಾರನೇ ದಿನ ಬಿಚ್ಚಿ ಒಣಗಿಸಿದರಾಯಿತು ಅಂದುಕೊಂಡೆ. ಬೇಸ್‌ಮೆಂಟಿನಲ್ಲಿ ಬಿಚ್ಚೋಣ ಅಂದ್ರೆ ತಲೆ ಮೇಲೆ ಪೈಪು, ಪಕ್ಕದಲ್ಲಿ ಬೇರೆಯವರ ಕಾರು, ಹೊರಗೆ ನಿಲ್ಲಿಸೋಣ ಅಂದ್ರೆ ಇಲ್ಲೂ ಜಿಟಿಜಿಟಿ ಮಳೆ, ಆಮೇಲೆ ಆಫೀಸು ಅದು ಇದು ಅಂತ ಒಂಬತ್ತು ದಿನ ಕಳೆದೇ ಹೋಯಿತು. ಬಿಚ್ಚಿದರೆ ಬಟ್ಟೆ ತುಂಬ ಕಪ್ಪು ಹಸಿರು ಚುಕ್ಕೆ, ಹಾಸಿಗೆಯ ತಳಕ್ಕೂ ಬೂಷ್ಟು. ವಿನೆಗರ್ ಹಾಕಿ ಉಜ್ಜಿದೆ, ಬಿಸಿಲಿಗೆ ಹಾಕಿದೆ. ಚುಕ್ಕೆ ಸ್ವಲ್ಪ ಮಾಸಿತು, ವಾಸನೆ ಹೋಗಲಿಲ್ಲ. ಹೆಂಡತಿ ಏಣಿ ಹತ್ತಿ ಒಮ್ಮೆ ಮೂಗು ಒಳಗೆ ಹಾಕಿದವಳು ಹಾಗೇ ಇಳಿದು ಬಂದಳು. ಅಲ್ಲಿಗೆ ಆ ಟೆಂಟಿನ ಕಥೆ ಮುಗಿಯಿತು.

ಹಾಗಾಗಿ ಅಂಗಡಿಯವರು 2000 ಎಂಎಂ ವಾಟರ್‌ಪ್ರೂಫ್, 3000 ಎಂಎಂ ಅಂತ (ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತದೆ ಅನ್ನುವ ಅಳತೆ) ಹೇಳುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹೊಲಿಗೆ ಸರಿಯಾಗಿ ಟೇಪ್ ಮಾಡಿದ್ದರೆ ಎರಡೂ ಮಳೆ ತಡೆಯುತ್ತವೆ. ನಮ್ಮ ಮಲೆನಾಡಿನಲ್ಲಿ ತಲೆನೋವು ಒಣಗಿಸುವುದು. ಹತ್ತಿ ಮಿಶ್ರಿತ ದಪ್ಪ ಬಟ್ಟೆ, 280 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಅಂತ) ಅಂತೆಲ್ಲ ಬರೆದಿರುತ್ತಾರಲ್ಲ, ಅದು ಉಸಿರಾಡುತ್ತದೆ. ಒಳಗೆ ಬೆವರುವುದು ಕಡಿಮೆ, ಆದರೆ ಒಮ್ಮೆ ನೆನೆದರೆ ಒಣಗಲು ಯುಗ ಬೇಕು. ಬರೀ ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಮೂರು ಜನ ಮಲಗಿದರೆ ಬೆಳಗಿನ ಹೊತ್ತಿಗೆ ನಿಮ್ಮ ಉಸಿರೇ ನೀರಾಗಿ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಯಾವುದೇ ತಗೊಳ್ಳಿ, ಎದುರುಬದುರು ಎರಡು ಕಿಟಕಿ ಎರಡು ಬೆರಳಷ್ಟಾದರೂ ತೆರೆದಿರಲಿ, ಹಾಸಿಗೆಯ ಕೆಳಗೆ ಗಾಳಿಯಾಡುವ ಜಾಲರಿ ಮ್ಯಾಟ್ ಇರಲಿ.

ಈಗ ಗಾಡಿ ವಿಷಯ. ಮಾನ್ಯುಯಲ್ ತೆಗೆದು ರೂಫ್ ಲೋಡ್ ಎಷ್ಟು ಅಂತ ನೋಡಿ. ಅದು ಗಾಡಿ ಓಡುವಾಗ ತಾರಸಿ ಹೊರಬಹುದಾದ ತೂಕ. ಕೆಲವು ಚಿಕ್ಕ ಗಾಡಿಗಳಲ್ಲಿ ಅದು 30 ಕೆಜಿ ಅಷ್ಟೇ, ಕೆಲವು ದೊಡ್ಡ ಗಾಡಿಗಳಲ್ಲಿ 100 ಕೆಜಿವರೆಗೂ ಇರುತ್ತದೆ. ಮೂರು ಜನ ಮಲಗುವ ಸಾಫ್ಟ್ ಶೆಲ್ ಸಾಮಾನ್ಯವಾಗಿ 50ರಿಂದ 65 ಕೆಜಿ, ಹಾರ್ಡ್ ಶೆಲ್ ಅದಕ್ಕಿಂತ ಜಾಸ್ತಿಯೇ. ಕ್ಯಾರಿಯರ್‌ದು ಇನ್ನೊಂದು 15, 20 ಕೆಜಿ ಸೇರಿಸಿ ಲೆಕ್ಕ ಹಾಕಿ. ‘ಹಾಗಾದ್ರೆ ನಾವು ಮೂರು ಜನ ಹತ್ತಿ ಮಲಗಿದರೆ?’ ಅಂತ ಎಲ್ಲರೂ ಕೇಳುತ್ತಾರೆ. ನಿಂತ ಗಾಡಿಗೆ ಆ ಮಿತಿ ಅನ್ವಯಿಸುವುದಿಲ್ಲ, ನಿಂತಾಗ ಅದು ಇನ್ನೂ ಹೆಚ್ಚು ತೂಕ ತಾಳುತ್ತದೆ. ಓಡುವಾಗ ಬ್ರೇಕು, ಹಳ್ಳ, ತಿರುವು ಎಲ್ಲ ಸೇರಿ ಅದೇ 60 ಕೆಜಿ ಹಲವು ಪಟ್ಟು ಜೋರಾಗಿ ಎಳೆದಾಡುತ್ತದೆ, ಮಿತಿ ಇರುವುದು ಅದಕ್ಕೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ತಲೆ ಮೇಲೆ ಭಾರ ಹೊತ್ತು ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಗಾಡಿ ವಾಲುವುದು ಹೊಟ್ಟೆಗೇ ಗೊತ್ತಾಗುತ್ತದೆ.

ಇನ್ನೊಂದು, ನಿಮ್ಮ ಗಾಡಿಯ ರೂಫ್ ರೈಲ್, ಅಂದ್ರೆ ತಾರಸಿಯ ಎರಡು ಅಂಚಿನ ಉದ್ದ ಕಂಬಿ, ನಿಜವಾದದ್ದಾ ಅಲಂಕಾರಕ್ಕಾ ನೋಡಿಕೊಳ್ಳಿ. ನಮ್ಮಲ್ಲಿ ಬರುವ ಎಷ್ಟೋ ಕಾರುಗಳಲ್ಲಿ ಅದು ಸುಮ್ನೆ ಅಂಟಿಸಿದ ಪ್ಲಾಸ್ಟಿಕ್ಕು. ಅದಕ್ಕೆ ಕ್ಯಾರಿಯರ್ ಕಟ್ಟಿ ಟೆಂಟ್ ಏರಿಸಿದರೆ ಹೆದ್ದಾರಿಯಲ್ಲಿ ಹಿಂದಿನವರ ಮೇಲೆ ಹಾರಿಸಿದ ಹಾಗೆಯೇ. ಸನ್‌ರೂಫ್ ಅಂತೂ ಮುಚ್ಚಿಹೋಗುತ್ತದೆ, ಮಗಳಿಗೆ ಮೊದಲೇ ಹೇಳಿಬಿಡಿ.

ಬೇಸ್‌ಮೆಂಟಿನ ಎತ್ತರವನ್ನು ಟೇಪ್ ಹಿಡಿದು ಅಳೆಯಿರಿ. ಬಹಳ ಕಡೆ 2.1 ಮೀಟರ್ ಅಂತ ಬೋರ್ಡ್ ಇರುತ್ತದೆ. ನಿಮ್ಮಂಥ ಗಾಡಿ 1.65 ಮೀಟರ್ ಅಂದ್ರೆ, ಕ್ಯಾರಿಯರ್ 10 ಸೆಂಟಿಮೀಟರ್, ಮಡಚಿದ ಸಾಫ್ಟ್ ಶೆಲ್ 30 ಸೆಂಟಿಮೀಟರ್, ಅಲ್ಲಿಗೆ 2.05 ಆಯಿತು. ರ‍್ಯಾಂಪ್ ಇಳಿಯುವಾಗ ಗಾಡಿಯ ಹಿಂಭಾಗ ಮೇಲಿರುತ್ತದೆ, ಆ ಐದು ಸೆಂಟಿಮೀಟರ್ ಅಲ್ಲೇ ಖರ್ಚಾಗುತ್ತದೆ. ಬೆಣೆಯ ಹಾಗೆ ಒಂದು ಕಡೆಯಿಂದ ಏಳುವ ಅಲ್ಯೂಮಿನಿಯಂ ಹಾರ್ಡ್ ಶೆಲ್‌ಗಳು ಮುಚ್ಚಿದಾಗ ಇನ್ನೂ ತೆಳ್ಳಗಿರುತ್ತವೆ.

ನಿಮಗೆ ಅಂತ ನಾನು ಹೇಳುವುದಾದರೆ, ತೂಕದ ಮಿತಿ ಒಪ್ಪಿದರೆ ಆ ಬೆಣೆ ಥರದ ಹಾರ್ಡ್ ಶೆಲ್ಲೇ ಸರಿ. ಒಂದು ನಿಮಿಷದಲ್ಲಿ ಏಳುತ್ತದೆ ಅಂತ ಜಾಹೀರಾತಿನಲ್ಲಿ ಹೊಗಳುತ್ತಾರಲ್ಲ, ಕ್ಯಾಂಪಿನಲ್ಲಿ ಅದರಿಂದ ದೊಡ್ಡ ಲಾಭವಿಲ್ಲ, ಹತ್ತು ನಿಮಿಷ ಹಿಡಿದರೆ ಯಾರ ಗಂಟು ಹೋಯಿತು! ಲಾಭ ಇರುವುದು ವಾಪಸ್ ಬಂದ ಮೇಲೆ. ವಿಸಿಟರ್ ಪಾರ್ಕಿಂಗಿನಲ್ಲಿ ಅರ್ಧ ಗಂಟೆ ಬಿಸಿಲು ಬಿದ್ದರೂ ಮೇಲೆತ್ತಿ ಒಣಗಿಸಬಹುದು, ಪಕ್ಕಕ್ಕೆ ಜಾಗ ಬೇಡ. ಸಾಫ್ಟ್ ಶೆಲ್ ಪುಸ್ತಕದ ಹಾಗೆ ಬಿಚ್ಚಿಕೊಳ್ಳುವುದರಿಂದ ಗಾಡಿಯಾಚೆಗೆ ಇನ್ನೊಂದು ಅಷ್ಟೇ ಜಾಗ ಕೇಳುತ್ತದೆ. ಆದರೆ ಹಾರ್ಡ್ ಶೆಲ್‌ನಲ್ಲಿ ಅಗಲ ಕಡಿಮೆ. ಈಗ ಮಗಳು ನಡುವೆ ಹಿಡಿಸುತ್ತಾಳೆ, ಹತ್ತು ವರ್ಷವಾದಾಗ ನಿಮ್ಮಲ್ಲೊಬ್ಬರು ಕೆಳಗಿನ ಸೀಟಿನಲ್ಲಿ ಮಲಗಬೇಕಾಗುತ್ತದೆ. ಗುಡ್ಡದ ಮೇಲೆ ಗಾಳಿ ಜಾಸ್ತಿ ಇದ್ದರೆ ಅದರ ತಗ್ಗಿನ ಕಡೆ ಗಾಳಿಗೆ ಮುಖ ಮಾಡುವ ಹಾಗೆ ಗಾಡಿ ನಿಲ್ಲಿಸಿ.

ಏಣಿ ಬಗ್ಗೆ ಯಾರೂ ಬರೆಯುವುದಿಲ್ಲ. ರಾತ್ರಿ ಎರಡು ಗಂಟೆಗೆ ಮಗು ಸೂಸು ಅನ್ನುತ್ತದೆ, ಮೆಟ್ಟಿಲು ಇಬ್ಬನಿಗೆ ಜಾರುತ್ತಿರುತ್ತದೆ, ಟಾರ್ಚ್ ಬಾಯಲ್ಲಿ, ಮಗು ಹೆಗಲ ಮೇಲೆ. ಅಗಲವಾದ ಮೆಟ್ಟಿಲು ಇರುವ ಏಣಿ ನೋಡಿ ತಗೊಳ್ಳಿ, ಪಕ್ಕದಲ್ಲೇ ಒಂದು ಮುಚ್ಚಳದ ಡಬ್ಬವೂ ಇರಲಿ.

ನೆಲದ ಟೆಂಟ್ ಕೆಲವೇ ಸಾವಿರಕ್ಕೆ ಸಿಗುವಾಗ, ಒಂದು ಹೊಸ ಸ್ಕೂಟರಿನ ದುಡ್ಡು ಇದಕ್ಕೆ ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆ. ಮಲೆನಾಡಿನಲ್ಲಿ ನನ್ನ ಉತ್ತರ: ಮಳೆಗಾಲದಲ್ಲಿ ಇಂಬಳ, ಬೇಸಿಗೆಯಲ್ಲಿ ಉಣುಗು. ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. 1957ರಲ್ಲಿ ಅದು ಮೊದಲು ಗೊತ್ತಾಗಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇ. ಅಂದ್ರೆ ನಾವೆಲ್ಲ ಟೆಂಟ್ ಕಟ್ಟಿಕೊಂಡು ಹೊರಡುವ ಕಾಲವೇ! ನೆಲ ಬಿಟ್ಟು ಮೇಲೆ ಮಲಗಿದರೆ ಅಷ್ಟು ನೆಮ್ಮದಿ. ಹಗಲು ತರಗೆಲೆಯಲ್ಲಿ ಓಡಾಡುವಾಗ ಉದ್ದ ಪ್ಯಾಂಟು ಬೇಕೇ ಬೇಕು, ಕಾಯಿಲೆ ಸುದ್ದಿ ಇರುವ ಕಡೆ ಹೋಗಲೇಬೇಡಿ. ಆನೆ ವಿಷಯದಲ್ಲಿ ಮಾತ್ರ ಮೇಲಿದ್ದೇವೆ ಅನ್ನುವ ಧೈರ್ಯ ಬೇಡ, ಸೊಂಡಿಲಿಗೆ ನಿಮ್ಮ ಗಾಡಿಯ ತಾರಸಿ ಒಂದು ಎತ್ತರವೇ ಅಲ್ಲ. ಸಕಲೇಶಪುರ, ಆಲೂರು ಕಡೆ ತೋಟದವರನ್ನು ಕೇಳಿ, ಹಿಂಡು ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ. ಗಾಡಿಯಲ್ಲಿ ಬಾಳೆಹಣ್ಣು, ಹಲಸು ಇಟ್ಟುಕೊಳ್ಳಬೇಡಿ. ಅಪ್ಪಣೆ ಇಲ್ಲದೆ ಅರಣ್ಯದೊಳಗೆ ತಂಗುವುದಂತೂ ಕಾನೂನಿಗೇ ವಿರುದ್ಧ.

ಕೊಳ್ಳುವ ಮುಂಚೆ ಒಂದು ಸಲ ಬಾಡಿಗೆಗೆ ತಗೊಂಡು ಮಲಗಿ ನೋಡಿ, ಬೆಂಗಳೂರಿನಲ್ಲಿ ಸಿಗುತ್ತದೆ. ಕಟ್ಟಿಸಿದ ಮೇಲೆ ಮೊದಲ ನೂರು ಕಿಲೋಮೀಟರಿಗೆ ನಿಲ್ಲಿಸಿ ನಟ್ಟುಗಳನ್ನೆಲ್ಲ ಮತ್ತೆ ಬಿಗಿ ಮಾಡಿ, ಸಡಿಲ ಆಗಿಯೇ ಇರುತ್ತವೆ.

ಈಗ ನಾನು ವಾಪಸ್ ಬರುವಾಗ ಹಾಸನ ದಾಟಿ, ಚನ್ನರಾಯಪಟ್ಟಣದ ಆಸುಪಾಸಿನಲ್ಲಿ ಬಿಸಿಲು ಕಂಡ ಕಡೆ ಬೊಲೆರೊ ನಿಲ್ಲಿಸಿ ಒಂದು ಗಂಟೆ ಟೆಂಟ್ ಬಿಚ್ಚಿಡುತ್ತೇನೆ. ಟೀ ಅಂಗಡಿಯಲ್ಲಿದ್ದವರೆಲ್ಲ ಬಂದು ಸುತ್ತ ನಿಂತು ‘ಎಷ್ಟಾಯ್ತು ಸಾರ್ ಇದು’ ಅನ್ನುತ್ತಾರೆ. ಅರ್ಧ ಬೆಲೆ ಹೇಳುತ್ತೇನೆ, ಹೆಂಡತಿಗೆ ಹೇಳಿದ್ದೂ ಅದೇ. ನಿಮ್ಮ ಮಾನ್ಯುಯಲ್‌ನಲ್ಲಿ ಎಷ್ಟು ಕೆಜಿ ಬರೆದಿದೆ ಅಂತ ಕೆಳಗೆ ಹಾಕಿ, ಕ್ಯಾರಿಯರ್ ಯಾವುದು ಅಂತ ಆಮೇಲೆ ನೋಡೋಣ.