ವೈಫೈ ಇರಲಿ, ಮೊದಲು ಗೀಸರ್ ನೋಡಿ

ಅಕ್ಕ, ನೀವು ಕೇಳಿದ್ದು ಎರಡು ವಿಷಯ. ರಾತ್ರಿ ವೈಫೈ ಆಫ್ ಮಾಡಿ ಹಳೇ ಮೇಲ್‌ಗಳನ್ನು ಅಳಿಸಿದರೆ ಪರಿಸರಕ್ಕೆ ಒಳ್ಳೆಯದಾ ಅಂತ. ಮತ್ತೆ, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವಾಗ ಕರೆಂಟ್ ಉಳಿಸಿ ಏನು ಬಂತು ಅಂತ ಮನೆಯಲ್ಲಿ ಕೇಳುತ್ತಾರೆ ಅಂದಿರಿ.

ಎರಡನೆಯದನ್ನು ಮೊದಲು ಹೇಳುತ್ತೇನೆ. ರೂಪಾಯಿ ಸೊನ್ನೆ ಇದ್ದರೂ ನಮ್ಮ ಮೈಸೂರು ಕಡೆಯ ವಿದ್ಯುತ್ ಕಂಪನಿ ಚೆಸ್ಕಾಂನ ಬಿಲ್ಲಿನಲ್ಲಿ ಯೂನಿಟ್ ಇದ್ದೇ ಇರುತ್ತದೆ. ಅದನ್ನು ನೋಡಿ, ಆ ಕರೆಂಟ್ ಎಲ್ಲಿಂದ ಬರುತ್ತದೆ ಅಂತಲೂ ನೋಡಿ. ‘ನಮ್ದು ಶಿವನಸಮುದ್ರದ ನೀರಿನ ಕರೆಂಟು’ ಅನ್ನುವವರು ನಮ್ಮ ಕಡೆ ಈಗಲೂ ಸಿಗುತ್ತಾರೆ. 1902ರಲ್ಲಿ ಅಲ್ಲಿ ಶುರುವಾದಾಗ ಆ ಕರೆಂಟ್ ಹೋದದ್ದೇ ಕೋಲಾರದ ಚಿನ್ನದ ಗಣಿಗೆ! ಈಗಂತೂ ಎಲ್ಲ ಕಡೆಯ ಕರೆಂಟೂ ಸೇರುವುದು ಒಂದೇ ಜಾಲಕ್ಕೆ, ಅಂದರೆ ಗ್ರಿಡ್‌ಗೆ. ಹಗಲು ಪಾವಗಡದ ಸೋಲಾರ್ ಸೇರುತ್ತದೆ. ಬಿಸಿಲು ಇಳಿದ ಮೇಲೆ ಅದಿಲ್ಲ, ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಸ್ಥಾವರಗಳು ಹೆಚ್ಚು ಓಡಬೇಕು. ಹಾಗಾಗಿ ವಾಷಿಂಗ್ ಮೆಷಿನ್, ಇಸ್ತ್ರಿ, ಸಂಪಿನ ಮೋಟರ್ ಎಲ್ಲ ಹಗಲಲ್ಲೇ ಮುಗಿಸಿ. ಇದಕ್ಕೆ ಪೈಸೆ ಖರ್ಚಿಲ್ಲ.

ಇನ್ನು ವೈಫೈ. ರೂಟರ್ ಎಳೆಯುವುದು ಸುಮಾರು 10 ವ್ಯಾಟ್. ತಿಂಗಳಿಡೀ ಆನ್ ಇದ್ದರೂ 7 ಯೂನಿಟ್. ರಾತ್ರಿ ಆಫ್ ಮಾಡಿದರೆ ಉಳಿಯುವುದು ಎರಡೇ ಯೂನಿಟ್. ಮಾಡಿ, ಬೇಡ ಅನ್ನಲ್ಲ. ಆದರೆ 2000 ವ್ಯಾಟ್ ಗೀಸರ್ ದಿನಕ್ಕೆ ಅರ್ಧ ಗಂಟೆ ಓಡಿದರೆ ತಿಂಗಳಿಗೆ 30 ಯೂನಿಟ್ ಆಯಿತು! ಸ್ನಾನಕ್ಕೆ ಸ್ವಲ್ಪ ಮೊದಲು ಹಾಕಿ, ಕಾದ ತಕ್ಷಣ ಆರಿಸಿ. ಸೋಲಾರ್ ವಾಟರ್ ಹೀಟರ್ ಇದ್ದರೆ ಪೈಪಿನಲ್ಲಿ ನಿಂತ ತಣ್ಣೀರು ಮೊದಲು ಬರುತ್ತದಲ್ಲ, ಅದನ್ನು ಚರಂಡಿಗೆ ಬಿಡದೆ ಬಕೆಟ್‌ನಲ್ಲಿ ಹಿಡಿದು ಗಿಡಗಳಿಗೆ ಹಾಕಿ. ಹೊಂಗಳ್ಳಿ, ಬೆಳಗೊಳದಿಂದ ಕಾವೇರಿ ನೀರನ್ನು ಪಂಪ್ ಮಾಡಿಯೇ ಮೈಸೂರಿಗೆ ತರುವುದು. ನೀರು ಚೆಲ್ಲಿದರೆ ಕರೆಂಟೂ ಚೆಲ್ಲಿದ ಹಾಗೆ. ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯುವ ಮನೆಗಳಿಗೆ ಟ್ಯಾಂಕ್ ತುಂಬಿದಾಗ ಮೋಟರನ್ನು ತಾನೇ ಆರಿಸುವ ಒಂದು ಫ್ಲೋಟ್ ಸ್ವಿಚ್ ಸಾಕು.

ಫ್ಯಾನ್ ಹಳೆಯದಾದರೆ 75 ವ್ಯಾಟ್, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನ್ ಆದರೆ 30. ದಿನಕ್ಕೆ ಹತ್ತು ಗಂಟೆ ಓಡುವ ಫ್ಯಾನ್ ಬದಲಿಸಿದರೆ ತಿಂಗಳಿಗೆ 13 ಯೂನಿಟ್ ಉಳಿಯುತ್ತದೆ. ಅತಿಥಿ ಕೋಣೆಯ ಫ್ಯಾನ್ ಸುಮ್ನೆ ಬದಲಿಸಬೇಡಿ. ಸೆಟ್‌ಟಾಪ್ ಬಾಕ್ಸ್‌ಗಳಲ್ಲಿ ಎಷ್ಟೋ ರಿಮೋಟ್‌ನಲ್ಲಿ ಆಫ್ ಆದ ಮೇಲೂ ಕರೆಂಟ್ ಎಳೆಯುತ್ತಿರುತ್ತವೆ, ಸ್ವಿಚ್ಚೇ ಆರಿಸಿ.

ಮೇಲ್ ಅಳಿಸುವುದನ್ನು ಬಿಟ್ಟುಬಿಡಿ. ಅದನ್ನು ಕೂತು ಅಳಿಸಲು ಲ್ಯಾಪ್‌ಟಾಪ್ ಓಡುವ ಕರೆಂಟೇ ಜಾಸ್ತಿ ಆದೀತು. ವಿಡಿಯೊ ಒಂದು ಗಂಟೆ ನೋಡಿದರೆ ಜಗತ್ತಿನ ಸರಾಸರಿಯಲ್ಲಿ ಸುಮಾರು 36 ಗ್ರಾಂ ಇಂಗಾಲದ ಡೈ ಆಕ್ಸೈಡ್ ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2020ರಲ್ಲಿ ಲೆಕ್ಕ ಹಾಕಿತ್ತು. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟ್ ತಯಾರಿಸಲು ಹೊರಬೀಳುವುದೇ ಸುಮಾರು 700 ಗ್ರಾಂ, ಅದರ ಮುಂದೆ ವಿಡಿಯೊ ಲೆಕ್ಕ ಚಿಕ್ಕದು. ದೊಡ್ಡ ಟಿವಿ ಬದಲು ಫೋನಿನಲ್ಲಿ ನೋಡಿದರೆ ಇನ್ನೂ ಕಡಿಮೆ. ಫೋನಿನ ವಿಷಯದಲ್ಲಿ ನಿಜವಾದ ಹೊರೆ ಚಾರ್ಜಿಂಗ್ ಅಲ್ಲ, ಅದನ್ನು ತಯಾರಿಸುವುದು. ಬ್ಯಾಟರಿ ಸೋತರೆ ಬ್ಯಾಟರಿ ಹಾಕಿಸಿ, ಅದೇ ಫೋನ್ ಇನ್ನೆರಡು ವರ್ಷ ಬಳಸಿ.

ತಾರಸಿಗೆ ಸೋಲಾರ್ ಹಾಕಿಸಬೇಕಾ ಅಂತ ಇನ್ನೊಬ್ಬರು ಕೆಳಗೆ ಕೇಳಿದ್ದಾರೆ. ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಆದರೆ ಬಿಲ್ ಸೊನ್ನೆ ಇರುವ ಮನೆಗೆ ಹಾಕಿದ ದುಡ್ಡು ಬೇಗ ವಾಪಸ್ ಬರಲ್ಲ, ಪರಿಸರಕ್ಕೆ ಅಂತಲೇ ಹಾಕಿಸಬೇಕು. ಟ್ಯಾಂಕಿನ ನೆರಳು, ಚಪ್ಪರದ ನೆರಳು ಪ್ಯಾನೆಲ್ ಮೇಲೆ ಬೀಳಬಾರದು.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಮೀಟರ್ ಮೇಲೆ 3200 ಇಂಪ್ ಅಂತ ಬರೆದಿದ್ದರೆ, ಅದರ ಕೆಂಪು ದೀಪ 3200 ಸಲ ಮಿನುಗಿದಾಗ ಒಂದು ಯೂನಿಟ್. ಮಲಗುವ ಮುಂಚೆ ಎಲ್ಲ ಆರಿಸಿ ಒಂದು ನಿಮಿಷ ಎಣಿಸಿ. ಹತ್ತು ಸಲ ಮಿನುಗಿದರೆ ಸುಮಾರು 190 ವ್ಯಾಟ್ ಎಲ್ಲೋ ಓಡುತ್ತಿದೆ ಅಂತ ಅರ್ಥ. ಫ್ರಿಜ್ ಆ ಹೊತ್ತಿಗೆ ಓಡುತ್ತಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿದುಕೊಳ್ಳಿ. ಎಷ್ಟು ಬಂತು ಅಂತ ಇಲ್ಲೇ ಹಾಕಿ, ಯಾವುದು ತಿನ್ನುತ್ತಿದೆ ಅಂತ ಹುಡುಕೋಣ.