ಇರಾಕಿನ ಅಣುಬಾಂಬ್: ಸಂಶಯ ಯಾರಿಗಿತ್ತು, ಯಾವಾಗಿನಿಂದ ಇತ್ತು?

ಪ್ರಶ್ನೆ: 2003ರಲ್ಲಿ ಇರಾಕಿನ ಮೇಲೆ ದಾಳಿ ನಡೆದಾಗ ನಾನು ಕಾಲೇಜಿನಲ್ಲಿ ಓದುತ್ತಿದ್ದೆ. ಸದ್ದಾಂ ಹುಸೇನ್ ಅಣುಬಾಂಬ್ ತಯಾರಿಸುತ್ತಿದ್ದಾರೆ ಎಂಬ ಮಾತನ್ನು ನಾವೆಲ್ಲ ನಂಬಿದ್ದೆವು. ಅದು ನಿಜವಲ್ಲವೆಂದು ತಿಳಿದದ್ದು ಯುದ್ಧವಾದ ಮೇಲೆಯೇ? ಅಮೆರಿಕದ ನಾಯಕರು ತಾವೇ ಮೋಸಹೋದರೋ, ಜನರನ್ನು ಬೇಕೆಂದೇ ಹೆದರಿಸಿದರೋ? ಇಂಥ ಬೆದರಿಕೆಗಳೆಲ್ಲ ಸುಳ್ಳೇ ಆಗಿರುತ್ತವೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಂಶಯ ಯುದ್ಧಕ್ಕೆ ಮುಂಚೆಯೇ, ಅದೂ ಅಮೆರಿಕ ಸರ್ಕಾರದ ಒಳಗೇ ಇತ್ತು. ಅಲ್ಯೂಮಿನಿಯಂ ಕೊಳವೆಗಳ ಪ್ರಕರಣವನ್ನೇ ನೋಡಿ. ಇರಾಕ್ ತರಿಸಿಕೊಳ್ಳಲು ಯತ್ನಿಸಿದ್ದ 81 ಮಿಲಿಮೀಟರ್ ವ್ಯಾಸದ ಈ ಕೊಳವೆಗಳು ಯುರೇನಿಯಂ ಪುಷ್ಟೀಕರಣದ, ಅಂದರೆ ಯುರೇನಿಯಂ ಅನ್ನು ಬಾಂಬಿಗೆ ಒದಗುವಂತೆ ಮಾಡುವ, ಅತಿವೇಗದಲ್ಲಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರಗಳಿಗಾಗಿಯೇ ಎಂದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ವಾದಿಸಿತು. ಸೆಂಟ್ರಿಫ್ಯೂಜ್‌ಗಳನ್ನು ಚೆನ್ನಾಗಿ ಬಲ್ಲ ಇಂಧನ ಇಲಾಖೆಯ ತಜ್ಞರು ಇದನ್ನು ಒಪ್ಪಲಿಲ್ಲ. ಕೊಳವೆಯ ಗೋಡೆ ಆ ಕೆಲಸಕ್ಕೆ ತೀರಾ ದಪ್ಪವೆಂದೂ, ಅದರ ಅಳತೆ ಇರಾಕ್ ಹಿಂದಿನಿಂದಲೂ ತಯಾರಿಸುತ್ತಿದ್ದ ಫಿರಂಗಿದಳದ ರಾಕೆಟ್ಟಿಗೆ ಸರಿಹೊಂದುತ್ತದೆಂದೂ ಅವರು ಹೇಳಿದರು. ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗವೂ 2002ರ ಅಕ್ಟೋಬರಿನ ಗುಪ್ತಚರ ಅಂದಾಜಿನಲ್ಲಿ (ಗುಪ್ತಚರ ಸಂಸ್ಥೆಗಳ ಜಂಟಿ ವರದಿಯಲ್ಲಿ) ತನ್ನ ಭಿನ್ನಮತವನ್ನು ದಾಖಲಿಸಿತ್ತು. ಆದರೆ ಅದಕ್ಕೂ ಮೊದಲು, ಸೆಪ್ಟೆಂಬರ್ 8ರಂದು, ರಾಷ್ಟ್ರೀಯ ಭದ್ರತಾ ಸಲಹೆಗಾರ್ತಿ ಕಾಂಡೊಲೀಜಾ ರೈಸ್ ಟಿ.ವಿ. ಸಂದರ್ಶನದಲ್ಲಿ ಆ ಕೊಳವೆಗಳು ನಿಜವಾಗಿ ಹೊಂದುವುದು ಅಣ್ವಸ್ತ್ರ ಕಾರ್ಯಕ್ರಮಕ್ಕೆ ಮಾತ್ರ ಎಂದುಬಿಟ್ಟಿದ್ದರು. ಸಾಕ್ಷಿಗಾಗಿ ಕಾಯುತ್ತ ಕುಳಿತರೆ ಆ ಸಾಕ್ಷಿ ಅಣಬೆಯಾಕಾರದ ಮೋಡವಾಗಿ ಬಂದೀತು ಎಂಬ ಮಾತನ್ನು ಅಂದು ರೈಸ್, ಮುಂದಿನ ತಿಂಗಳು ಅಧ್ಯಕ್ಷ ಜಾರ್ಜ್ ಬುಷ್, ಇಬ್ಬರೂ ಆಡಿದರು. ಆ ಮಾತಿನ ಬಲ ಎಂಥದೆಂದರೆ, ಅದನ್ನು ಕೇಳಿದ ಮೇಲೆ ‘ಪುರಾವೆ ಎಲ್ಲಿ?’ ಎಂದು ಕೇಳುವವನೇ ದೇಶವನ್ನು ಅಪಾಯಕ್ಕೆ ಒಡ್ಡುವವನಂತೆ ಕಾಣತೊಡಗುತ್ತಾನೆ. ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿ ಆಗಿನ್ನೂ ಒಂದು ವರ್ಷವಾಗಿತ್ತಷ್ಟೆ.

ನೈಜರ್ ದೇಶದಿಂದ ಇರಾಕ್ ಯುರೇನಿಯಂ ಕೊಳ್ಳಲು ಹೊರಟಿದೆ ಎಂಬ ಪತ್ರಗಳ ಕಥೆ ಇನ್ನೂ ನೋವಿನದು. ಆಫ್ರಿಕಾದ ಯುರೇನಿಯಂನ ಮಾತು 2003ರ ಜನವರಿ 28ರ ಬುಷ್ ಭಾಷಣದಲ್ಲೂ ಬಂತು. ಆ ಪತ್ರಗಳಲ್ಲಿ 2000ನೇ ಇಸವಿಯ ದಿನಾಂಕ ಹೊತ್ತ ಒಂದಕ್ಕೆ, ಹತ್ತು ವರ್ಷಕ್ಕೂ ಹಿಂದೆಯೇ ಅಧಿಕಾರ ಬಿಟ್ಟಿದ್ದ ನೈಜರ್ ವಿದೇಶಾಂಗ ಸಚಿವರ ಸಹಿ ಇತ್ತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮೊಹಮ್ಮದ್ ಎಲ್‌ಬರಾದಿ ಮಾರ್ಚ್ 7ರಂದು ಭದ್ರತಾ ಮಂಡಳಿಯೆದುರು ಈ ಪತ್ರಗಳು ಅಸಲಿಯಲ್ಲವೆಂದು ಹೇಳಿದರು. ಕೊಳವೆಗಳು ಸೆಂಟ್ರಿಫ್ಯೂಜ್‌ಗೆಂದು ತೋರಿಸುವ ಪುರಾವೆ ಸಿಕ್ಕಿಲ್ಲವೆಂದೂ ತಿಳಿಸಿದರು. ಹದಿಮೂರೇ ದಿನಗಳಲ್ಲಿ ಬಾಗ್ದಾದಿನ ಮೇಲೆ ದಾಳಿ ಆರಂಭವಾಯಿತು. ಭಾಷಣದಲ್ಲಿ ಆ ಮಾತು ಇರಬಾರದಿತ್ತೆಂದು ಶ್ವೇತಭವನ ಒಪ್ಪಿಕೊಂಡದ್ದು ಜುಲೈ ತಿಂಗಳಲ್ಲಿ.

ಇನ್ನು, ಮೋಸಹೋದರೋ ಹೆದರಿಸಿದರೋ ಎಂಬ ಪ್ರಶ್ನೆ. ಸದ್ದಾಂ ಬಳಿ 1991ಕ್ಕೆ ಮೊದಲು ಗುಪ್ತ ಅಣ್ವಸ್ತ್ರ ಕಾರ್ಯಕ್ರಮವಿದ್ದದ್ದು ನಿಜ. ಆದ್ದರಿಂದ ಹಲವರು ಪ್ರಾಮಾಣಿಕವಾಗಿಯೇ ಶಂಕಿಸಿರಬಹುದು. ಅಮೆರಿಕ ಸೆನೆಟ್ಟಿನ ಗುಪ್ತಚರ ಸಮಿತಿ 2008ರ ವರದಿಯಲ್ಲಿ, ಅಣ್ವಸ್ತ್ರದ ಬಗೆಗಿನ ನಾಯಕರ ಹೇಳಿಕೆಗಳಿಗೆ ಗುಪ್ತಚರ ಅಂದಾಜುಗಳ ಆಧಾರವೇನೋ ಇತ್ತು, ಆದರೆ ಗುಪ್ತಚರ ಸಂಸ್ಥೆಗಳ ನಡುವಿನ ಗಂಭೀರ ಭಿನ್ನಾಭಿಪ್ರಾಯವನ್ನು ಆ ಹೇಳಿಕೆಗಳು ಜನರಿಗೆ ತಿಳಿಸಲಿಲ್ಲ ಎಂದಿತು. ನನ್ನ ದೃಷ್ಟಿಯಲ್ಲಿ ಅಪರಾಧ ಇರುವುದು ಇಲ್ಲಿಯೇ. ಹಗ್ಗ ಹಾವಾಗಿ ಕಂಡದ್ದನ್ನು ಕ್ಷಮಿಸಬಹುದು. ಅದು ಹಗ್ಗವಿರಬಹುದೆಂದು ಪಕ್ಕದಲ್ಲೇ ನಿಂತು ಹೇಳುತ್ತಿದ್ದವರ ಮಾತನ್ನು ಮುಚ್ಚಿಟ್ಟು ಮನೆಮಂದಿಯನ್ನೆಲ್ಲ ಬೆಚ್ಚಿಬೀಳಿಸಿದ್ದನ್ನು ಹೇಗೆ ಕ್ಷಮಿಸುವುದು? ಇರಾಕಿನ ಅಣ್ವಸ್ತ್ರ ಕಾರ್ಯಕ್ರಮ 1991ರಲ್ಲೇ ನಿಂತುಹೋಗಿತ್ತೆಂದು, ಅಮೆರಿಕವೇ ನೇಮಿಸಿದ ಶೋಧ ತಂಡದ ವರದಿ 2004ರಲ್ಲಿ ಹೇಳಿತು. ಅಷ್ಟರಲ್ಲಿ ಸಾವಿರಾರು ಇರಾಕಿ ಮನೆಗಳಲ್ಲಿ ಹೆಣಗಳು ಬಿದ್ದಿದ್ದವು.

ಎಲ್ಲ ಬೆದರಿಕೆಯೂ ಸುಳ್ಳಲ್ಲ. ಇರಾಕಿನ ಗುಮ್ಮನನ್ನು ತೋರಿಸುತ್ತಿದ್ದ 2003ರ ಜನವರಿಯಲ್ಲಿಯೇ ಉತ್ತರ ಕೊರಿಯಾ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದ ಹೊರಬರುವುದಾಗಿ ಬಹಿರಂಗವಾಗಿ ಸಾರಿತು. ಅದು ತನ್ನ ಮೊದಲ ಅಣುಬಾಂಬನ್ನು ಪರೀಕ್ಷಿಸಿದ್ದು 2006ರ ಅಕ್ಟೋಬರ್ 9ರಂದು.